ಪೆಟ್ಟಾದ ಮರಿ

ಕೋಳಿ ಆಹಾರದ ಒಣಮೀನಿನಂಥ ವಾಸನೆ ಮೂಗಿಗೆ ಬಡಿದರೆ ಈಗಲೂ ಕಮಲಾಪುರದ ಆ ಅಂಗಡಿ ನನ್ನ ಕಣ್ಣಮುಂದೆ ಬರುತ್ತದೆ.

ಅಪ್ಪನ ತಾಯಿ, ನಮ್ಮ ಆಯಿ, ಕೋಳಿಮರಿ ಕೊಳ್ಳಲು ನನ್ನನ್ನೂ ಕಾಕಿಯನ್ನೂ ಕರೆದುಕೊಂಡು ಹೋಗಿದ್ದಳು. ಹಿಂದಿನ ದಿನ ಅಪ್ಪನ ತಮ್ಮ, ನಮ್ಮ ಕಾಕಾ, ಹೊಡೆದದ್ದಕ್ಕೆ ಕಾಕಿಯ ತುಟಿ ಒಡೆದು ಊದಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡೇ ನಿಂತಿದ್ದಳು.

ಅಂಗಡಿಯವ ರಟ್ಟಿನ ಡಬ್ಬಿ ತೆರೆದ. ಒಳಗೆ ಮರಿಗಳೆಲ್ಲ ಒಂದೇ ಮರಿಯ ಮೇಲೆ ಬಿದ್ದು ಕುಕ್ಕುತ್ತಿದ್ದವು. ಅದರ ಹಳದಿ ತುಪ್ಪಳ ರಕ್ತಕ್ಕೆ ಅಂಟಿಕೊಂಡಿತ್ತು. ಹಿಂಭಾಗ ಹರಿದು, ದಾರದಂಥ ಕರುಳು ಇನ್ನೊಂದರ ಕೊಕ್ಕಿನಲ್ಲಿ ಜೋತಾಡುತ್ತಿತ್ತು.

"ರಕ್ತ ಕಂಡ್ರ ಬಿಡಂಗಿಲ್ರಿ ಇವು, ಸಾಯೋತನಕ ಕುಕ್ತಾವ," ಎಂದು ಅವನು ಅದನ್ನು ಎತ್ತಿಕೊಂಡ. "ಪೆಟ್ಟಾದದ್ದನ್ನ ಮೊದಲ ಬ್ಯಾರೆ ಇಡಬೇಕ್ರಿ, ಯಮ್ಮಾ."

ಅವನ ಅಂಗೈಯಲ್ಲೇ ಅದರ ಕತ್ತು ವಾಲಿತು.

ಆಯಿ ಮರಿ ಕೊಳ್ಳಲಿಲ್ಲ. ಕಾಕಿಯ ಕೈಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದು, ಕಲಬುರಗಿ ಬಸ್ಸಿಗೆ ಹತ್ತಿಸಿದಳು. ಕಾಕಿಯ ತವರುಮನೆ ಅಲ್ಲಿನ ಶಹಾಬಜಾರದಲ್ಲಿತ್ತು.

ಸಂಜೆ ಕಾಕಾ ಬಾಗಿಲು ಒದ್ದು ಒಳಬಂದ. "ಎಲ್ಲಿ ಹೋಗ್ಯಾಳ ಆಕಿ?" ಎಂದು ಕೈಗೆ ಸಿಕ್ಕ ತಂಬಿಗೆಯನ್ನು ಗೋಡೆಗೆ ಎಸೆದ.

ಆಯಿ ಮಗನ ಕಡೆ ನೋಡದೆ ರೊಟ್ಟಿ ಬಡಿಯುತ್ತಲೇ ಇದ್ದಳು.

"ಬ್ಯಾರೆ ಇಟ್ಟೀನಿ," ಎಂದಳು.