ಹೆಸರು ಹಿಡಿದು ಕರೆಯಬೇಡ

"ದಿಶಾ!" ಜ್ಯೋತ್ಸ್ನಾ ಏಳನೆಯ ಸಲ ಕೂಗಿದಳು. ಠಾಣೆ ನಗರದಂಚಿನ ಯೇವೂರು ಗುಡ್ಡದ ಕಾಡುದಾರಿಯಲ್ಲಿ ಚಿಟ್ಟೆಯ ಹಿಂದೆ ಓಡಿದ ಆರು ವರ್ಷದ ಮಗಳು ಬಿದಿರ ಮೆಳೆಗಳ ನಡುವೆ ಕಾಣದಾಗಿ ಹತ್ತು ನಿಮಿಷವಾಗಿತ್ತು. ಗೇಟಿನ ಬಳಿ ನೋಡಿದ್ದ ಚಿರತೆಯ ಬೋರ್ಡು ಕಣ್ಣ ಮುಂದಿನಿಂದ ಸರಿಯುತ್ತಿರಲಿಲ್ಲ.

ಹಿಂದೆ ಉಳಿದಿದ್ದ ಅತ್ತೆ ಜಯಲತಾ ಏದುಸಿರು ಬಿಡುತ್ತ ಬಂದು ಅವಳ ಕೈ ಹಿಡಿದುಕೊಂಡರು. "ಹೆಸರು ಕರೀಬೇಡ ಮಾರಾಯ್ತಿ! ಕಾಡಲ್ಲಿ ಯಾರಾದ್ರೂ ಹೆಸರು ಹಿಡಿದು ಕರೆದ್ರೆ ಓಗೊಡಬೇಡ, ಕೂ ಹಾಕಿದ್ರೆ ಮಾತ್ರ ಓಗೊಡು ಅಂತ ನಾನೇ ಅವಳಿಗೆ ಹೇಳಿಕೊಟ್ಟದ್ದು. ಊರಲ್ಲಿ ಹಾಗೇ ಅಲ್ವಾ, ಹೆಸರು ಹಿಡಿದು ಕರೆಯುದು ಪ್ರೇತ ಅಂತ... ನನಗೆ ಸ್ವರ ಬರುದಿಲ್ಲ. ನೀನೇ ಒಂದು ಕೂ ಹಾಕು."

ಜ್ಯೋತ್ಸ್ನಾಳ ಮೈಯೆಲ್ಲ ಉರಿಯಿತು. ಡೊಂಬಿವಲಿಯ ಸೊಸೈಟಿ ಗಾರ್ಡನ್ನಿನಲ್ಲಿ ಅಜ್ಜಿ, ಮೊಮ್ಮಗಳು ಕೂ ಹಾಕಿ ಆಡುತ್ತಿದ್ದಾಗ, "ಜನ ನಗ್ತಾರೆ ಅತ್ತೆ, ಸಾಕು ಮಾಡಿ" ಎಂದು ಗದರಿದವಳು ಅವಳೇ. ಈಗ ಎರಡೂ ಅಂಗೈಗಳನ್ನು ಬಾಯಿಯ ಸುತ್ತ ಹಿಡಿದು ಉಸಿರೆಳೆದಳು. ಮೊದಲನೆಯ ಕೂ ಗಂಟಲಲ್ಲೇ ಒಡೆಯಿತು. ಎರಡನೆಯದು ಗುಡ್ಡಕ್ಕೆ ತಾಗಿತು.

ಹತ್ತೇ ಹೆಜ್ಜೆಯಾಚೆ, ಬಿದಿರ ಮೆಳೆಯ ಬುಡದಿಂದ, ಅಳು ನುಂಗಿಕೊಂಡ ಸಣ್ಣ ದನಿಯೊಂದು ಓಗೊಟ್ಟಿತು:

"ಕೂ..."