ಒಡವೆ ಹಾಗೇ ಇರಲಿ

“ಮುಖ ಮಾತ್ರ ಕೆರೆದುಹಾಕಿ ಮೇಷ್ಟ್ರೇ. ಒಡವೆ ಹಾಗೇ ಇರಲಿ,” ಎಂದು ಮೋನಾ ಪಿಪ್ಪಾ ಗಂಟು ಬಿಚ್ಚಿ, ಎರಡು ಅಂಗೈ ಅಗಲದ ಚಿತ್ರದ ಹಲಗೆಯನ್ನು ಚಿತ್ರಕಾರ ಬಾಲ್ದೊನ ಮುಂದಿಟ್ಟಳು.

ಪಕ್ಕದ ಪೀಠದಲ್ಲಿ ಅವಳ ಹೊಸ ಸೊಸೆ ದಿಯಾನೋರಾ ಕೂತಿದ್ದಳು. ‘ನಿನ್ನ ಚಿತ್ರ ಬರೆಸ್ತೀನಿ’ ಎಂದು ಅತ್ತೆ ಹೇಳಿದ್ದೇ ತಡ, ತವರಿಗೆಲ್ಲ ಸುದ್ದಿ ಮುಟ್ಟಿಸಿ, ಫ್ಲಾರೆನ್ಸಿನ ಚೆಲುವೆಯರಂತೆ ಹಣೆ ಅಗಲ ಕಾಣಲೆಂದು ಮೂರು ದಿನ ಕೂತು ಮುಂಗೂದಲು ಕಿತ್ತುಕೊಂಡಿದ್ದಳು. ಹಣೆ ಇನ್ನೂ ಉರಿಯುತ್ತಿತ್ತು. ಈಗ ನೋಡಿದರೆ ಹಲಗೆಯ ಮೇಲೆ ಆಗಲೇ ಒಬ್ಬಳಿದ್ದಾಳೆ: ಪಕ್ಕಕ್ಕೆ ತಿರುಗಿದ ಮುಖ, ಕೊರಳಲ್ಲಿ ಮುತ್ತಿನ ಸರ, ಭುಜದ ಮೇಲೆ ಕೆಂಪು ಹರಳಿನ ಪದಕ. ಅದೇ ಸರ, ಅದೇ ಪದಕ ಈಗ ದಿಯಾನೋರಾಳ ಮೈಮೇಲಿದ್ದವು.

“ಯಾರತ್ತೆ ಇವಳು?”

“ತೆಸ್ಸಾ. ನನ್ನ ಹಿರಿಮಗನ ಹೆಂಡ್ತಿ. ಅವನು ತೀರಿಹೋದ. ಇನ್ನೊಂದು ಮದುವೆ ಮಾಡ್ತೀವಿ ಅಂತ ಇವಳ ಅಣ್ಣಂದಿರು ಬಂದು ಕರ್ಕೊಂಡು ಹೋದ್ರು. ಒಡವೆ ಬಾಗಿಲಲ್ಲೇ ಬಿಚ್ಚಿಸ್ಕೊಂಡೆ. ಮನೆ ಒಡವೆ ಮನೇಲಿರ್ಬೇಕು. ಮುಖ ಎಲ್ಲಿಗಾದ್ರೂ ಹೋಗ್ಲಿ.”

ಬಾಲ್ದೊ ಹಲಗೆಯನ್ನು ಬೆಳಕಿಗೆ ಹಿಡಿದು, ವೈದ್ಯ ನಾಲಿಗೆ ನೋಡುವಂತೆ ನೋಡಿದ. “ಮರ ಸ್ವಲ್ಪ ಬಾಗಿದೆ. ಕೊರಳ ಹತ್ರ ಒಂದು ಬಿರುಕು. ಹಿಂದ್ಗಡೆ ಹುಳ ಹೊಡೆದಿದೆ. ಆದ್ರೂ ಮುತ್ತುಗಳು ಗಟ್ಟಿಯಾಗಿವೆ ಅಮ್ಮಾವ್ರೇ.”

“ಗಟ್ಟಿ ಇರ್ಬೇಕಲ್ಲ ಮತ್ತೆ. ಬಣ್ಣ ಕಲಸೋಕೆ ಮೊಟ್ಟೆ ಯಾವುದು ಹಾಕ್ತೀರಿ?”

“ಎಳೇ ಮುಖ ಅಲ್ವೇ, ಪೇಟೆ ಕೋಳೀದು. ಹಳ್ಳಿ ಕೋಳಿ ಮೊಟ್ಟೇಲಿ ಹಳದಿ ಭಾಗ ಜಾಸ್ತಿ ಕೆಂಪು. ಅದು ಮುದುಕರ ಮುಖಕ್ಕೇ ಸರಿ.”

“ನನ್ನ ಚಿತ್ರ ಅಂದ್ರಲ್ಲ ಅತ್ತೆ,” ದಿಯಾನೋರಾಳ ದನಿ ನಡುಗಿತು. “ನಾಳೆ ಹೆರಿಗೇಲಿ ನಾನು ಸತ್ರೆ, ನನ್ನ ಮಗು ನೋಡೋಕೆ ನನ್ನದು ಅಂತ ಒಂದು ಮುಖ ಮನೇಲಿರುತ್ತೆ ಅನ್ಕೊಂಡಿದ್ದೆ.”

“ಇರುತ್ತೆ ಕಣೇ. ಹಲಗೆ ಹಳೇದಾದ್ರೇನು, ಮೂಗು ನಿಂದೇ ಬರೀತಾರೆ. ಅಳಬೇಡ, ಕಣ್ಣು ಊದಿದ್ರೆ ಊದಿದ ಹಾಗೇ ಬರೆದುಬಿಟ್ಟಾರು.”

ಬಾಲ್ದೊ ಕೆರೆಯತೊಡಗಿದ. ತೆಸ್ಸಾಳ ಕೆನ್ನೆ ಗುಲಾಬಿ ಪುಡಿಯಾಗಿ ಉದುರಿತು. ಅದರಡಿಯಲ್ಲಿ, ಮುಖ ಬರೆಯುವ ಮುನ್ನ ಎಲ್ಲ ಚಿತ್ರಕಾರರೂ ಹಚ್ಚುವ ಹಸಿರು ಬಂತು. ಇನ್ನು ಹಲಗೆಗೆ ಮೊದಲು ಬಳಿದ ಬಿಳಿ ಸುಣ್ಣ ಸಿಗಬೇಕಿತ್ತು. ಸಿಕ್ಕಿದ್ದು ಇನ್ನೊಂದು ಮೂಗು. ಹಿಂದೆ ಈ ಕೆಲಸ ಹಿಡಿದವನಾರೋ ಸೋಮಾರಿ, ಕೆರೆಯದೆ ಮೇಲೆಯೇ ಬಳಿದಿದ್ದ. ತೆಸ್ಸಾಳದಕ್ಕಿಂತ ಉದ್ದನೆಯ ಮೂಗು, ನಡುವೆ ಒಂದು ಗೂನು. ಅದನ್ನು ಎಲ್ಲಿ ನೋಡಿದ್ದೇನೆಂದು ಬಾಲ್ದೊ ಹೆಚ್ಚು ಯೋಚಿಸಬೇಕಾಗಲಿಲ್ಲ. ಅದು ಎದುರಿಗೇ ಕೂತು ಉಸಿರಾಡುತ್ತಿತ್ತು.

ದಿಯಾನೋರಾ ಎದ್ದು ಬಂದು ಹಲಗೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು.

“ಏನು ನೋಡ್ತೀಯ? ನಂದೇ,” ಎಂದಳು ಮೋನಾ ಪಿಪ್ಪಾ. “ತೆಸ್ಸಾ ಬಂದಳು, ಒಡವೆ ಅವಳಿಗೆ ಹೋಯ್ತು. ಬರೀ ನನ್ನ ಮುಖ ಇಟ್ಕೊಂಡು ಯಾರಿಗೇನಾಗ್ಬೇಕು? ಅವತ್ತೂ ಹಲಗೆ ತಂದುಕೊಟ್ಟೋಳು ನಾನೇ. ನೀವು ಕೆರೀರಿ ಮೇಷ್ಟ್ರೇ.” ಹೇಳುವಾಗ ಅವಳು ಹಲಗೆಯ ಕಡೆ ತಿರುಗಲಿಲ್ಲ.

ಬಾಲ್ದೊ ಹಲಗೆಯ ಮೇಲಿನ ಪುಡಿಯನ್ನು ಊದಿದ. ಮತ್ತೆ ಕೆರೆದ; ಬಂದ ಕೆಲಸ ಬಿಡುವಷ್ಟು ದೊಡ್ಡ ಚಿತ್ರಕಾರ ಅವನಾಗಿರಲಿಲ್ಲ.

ದಿಯಾನೋರಾ ಕಣ್ಣೊರೆಸಿಕೊಂಡು ಪೀಠಕ್ಕೆ ಮರಳಿದಳು. ಕೊರಳ ಸರವನ್ನು ನೆಟ್ಟಗೆ ಮಾಡಿಕೊಂಡು ಪಕ್ಕಕ್ಕೆ ತಿರುಗಿ ಕೂತಳು.

“ಮೇಷ್ಟ್ರೇ, ನನ್ನ ಮುಖಾನ ತೆಳ್ಳಗೆ ಹಚ್ಚಿ. ಮುಂದಿನವಳು ಬಂದಾಗ ಕೆರೆಯೋಕೆ ಸುಲಭವಾಗ್ಲಿ.”

ಮೋನಾ ಪಿಪ್ಪಾ ಮೊದಲ ಬಾರಿಗೆ ಸೊಸೆಯನ್ನು ಮೆಚ್ಚುಗೆಯಿಂದ ನೋಡಿದಳು.

“ಈಗ ನಮ್ಮನೆಯವಳಾದೆ,” ಎಂದಳು.