ಹನಿಕಾಸಿನ ಆರು ಮಂದಿ

ಆರೂ ಖಾತೆಗಳು ಒಬ್ಬನವೇ ಎಂಬುದರಲ್ಲಿ ಶ್ರೀಶೈಲನಿಗೆ ಈಗ ಅನುಮಾನ ಉಳಿದಿರಲಿಲ್ಲ. ಉಳಿದಿದ್ದರೆ ಚೆನ್ನಾಗಿತ್ತು ಅನಿಸುತ್ತಿತ್ತು.

ಹನಿಕಾಸು ಎಂಬ ಆ್ಯಪಿನಲ್ಲಿ ಬರೆದವರಿಗೆ ಕ್ರಿಪ್ಟೊ ಟೋಕನ್ ಸಿಗುತ್ತಿತ್ತು. ಓದಿದವರು ಮೆಚ್ಚಿದಷ್ಟೂ ಟೋಕನ್. ಅದರ ಬೆಲೆ ಏರುವಾಗ ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿನಲ್ಲೇ ಎರಡು ಸಾವಿರ ಜನ ಸಾಹಿತಿಗಳಾಗಿಬಿಟ್ಟಿದ್ದರು. ಬೆಲೆ ನೆಲ ಕಚ್ಚಿತು, ಸಾಹಿತ್ಯವೂ ಮಲಗಿತು. ಬೆಲ್ಲ ಮುಗಿದ ಮೇಲೆ ಇರುವೆಗೇನು ಕೆಲಸ? ಬರೆಯುವವರು ಬಿಟ್ಟುಹೋಗದಂತೆ ಹಿಡಿದಿಡುವುದು ಶ್ರೀಶೈಲನ ನೌಕರಿ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಕನ್ನಡ ವಿಭಾಗಕ್ಕೆಲ್ಲ ಈಗ ಅವನೊಬ್ಬನೇ. ಗೋಕಾಕದ ಮನೆಯಲ್ಲೇ ಕೂತು ಫೋನಿನಲ್ಲಿ ಕೆಲಸ.

ಹಿಡಿದಿಡುವ ವಿದ್ಯೆ ಅವನಿಗೆ ಕರಗತ. ಬರಹ ಬಂದ ಗಂಟೆಯೊಳಗೆ ತನ್ನ ಹೆಸರಿನಲ್ಲಿ ಉತ್ತರ ಹಾಕುತ್ತಿದ್ದ. ಉತ್ತರದ ಕೊನೆಗೊಂದು ಪ್ರಶ್ನೆ. ಪ್ರಶ್ನೆ ಕೇಳಿಸಿಕೊಂಡವನು ತಿರುಗಿ ಬಂದೇ ಬರುತ್ತಾನೆ, ಮನುಷ್ಯನ ಸ್ವಭಾವ ಅದು.

ಹಾಗೆ ಉಳಿದವರು ಆರು ಜನ. 'ಜೋಳದ ತೆನೆ', 'ಹಳೆ ಸೈಕಲ್', 'ಕುಸುಬಿ ಎಣ್ಣೆ' ಎಂಬಂಥ ಇಟ್ಟುಕೊಂಡ ಹೆಸರುಗಳು. ಒಬ್ಬರು ಪುಂಡಿಪಲ್ಯದ ಬಗ್ಗೆ ಬರೆದರೆ ಇನ್ನೊಬ್ಬರು ಆಡು ಮರಿ ಹಾಕಿದ್ದನ್ನು ಬರೆಯುವರು. ಅಂಥ ಘನಂದಾರಿ ವಿಷಯವೇನಲ್ಲ. ಆದರೂ ಒಂಬತ್ತು ತಿಂಗಳಿಂದ ಶ್ರೀಶೈಲ ಬೆಳಗ್ಗೆ ಹಾಸಿಗೆ ಬಿಟ್ಟು ಏಳುತ್ತಿದ್ದದ್ದೇ ಅದನ್ನು ಓದಲು. ಹೆಂಡತಿ ಶೋಭಾ ತೀರಿಕೊಂಡಾಗಿನಿಂದ ಅವನಿಗೆ ಮನುಷ್ಯರ ಮುಖ ಬೇಡವಾಗಿತ್ತು. ಬಾಗಿಲು ಬಡಿದರೆ ತೆಗೆಯುತ್ತಿರಲಿಲ್ಲ. ನೆಂಟರ ಕರೆ ಬಂದರೆ ಕತ್ತರಿಸುತ್ತಿದ್ದ. ಮೂಡಲಗಿಯಿಂದ ಶೋಭಾಳ ತಮ್ಮ ಪರಸಪ್ಪ ಇಪ್ಪತ್ತು ಸಲ ಕರೆ ಮಾಡಿ ಕೈಬಿಟ್ಟಿದ್ದ. ಈ ಆರು ಜನರೊಡನೆ ಮಾತ್ರ ಶ್ರೀಶೈಲನ ಮಾತು ನಡೆಯುತ್ತಿತ್ತು, ಏಕೆಂದರೆ ಅವರು ಸಮಾಧಾನ ಹೇಳುತ್ತಿರಲಿಲ್ಲ.

ಅಷ್ಟರಲ್ಲಿ ಪುಣೆಯ ಕಚೇರಿಯಿಂದ ಪತ್ರ ಬಂತು. ಒಬ್ಬನೇ ಆರು ಹೆಸರಿನಲ್ಲಿ ಬರೆದು ಟೋಕನ್ ಗುಡ್ಡೆ ಹಾಕುತ್ತಿರುವಂತಿದೆ. ಪರೀಕ್ಷಿಸು. ನಿಜವಾದ ಬರಹಗಾರರಾದರೆ ಕನ್ನಡ ವಿಭಾಗ ಉಳಿಯುತ್ತದೆ. ಕಳ್ಳ ಖಾತೆಗಳಾದರೆ ಸಂಜೆಯೊಳಗೆ ಅಳಿಸು.

ನಿಜವಾದವರೇ ಆಗಿರಲಿ ಎಂದು ಬಸವಣ್ಣನನ್ನು ನೆನೆದೇ ಅವನು ಹುಡುಕಲು ಕೂತ. ಹುಡುಕಿದಷ್ಟೂ ಕೆಟ್ಟದ್ದೇ ಸಿಕ್ಕಿತು.

ಆರೂ ಜನ ಸರದಿಯ ಪ್ರಕಾರ ಬರೆಯುತ್ತಿದ್ದರು, ಬೆಳಗಿನ ಏಳಕ್ಕೆ ಸರಿಯಾಗಿ. ಒಂದು ದಿನಕ್ಕೆ ಇಬ್ಬರಿಲ್ಲ, ಒಂದು ದಿನವೂ ಖಾಲಿಯಿಲ್ಲ. ಊರ ಮಂದಿ ಹೀಗೆ ಬರೆದದ್ದುಂಟೇ? ಒಬ್ಬರಿಗೆ ಜ್ವರ ಬರುತ್ತದೆ, ಇನ್ನೊಬ್ಬರ ಮನೆಯಲ್ಲಿ ಬಸುರಿ ಮಗಳ ಕುಬಸ ಇರುತ್ತದೆ. ಸಾಲದ್ದಕ್ಕೆ ಪ್ರತಿ ಬರಹದ ಕೊನೆಗೂ ಒಂದು ಪ್ರಶ್ನೆ: ನೀವು ಇವತ್ತು ಏನು ಉಂಡಿರಿ? ನಿನ್ನೆ ನಿದ್ದೆ ಹತ್ತಿತೇ? ಅವನದೇ ವಿದ್ಯೆಯನ್ನು ಯಾವನೋ ಅವನ ಮೇಲೆಯೇ ಪ್ರಯೋಗಿಸುತ್ತಿದ್ದ. ಮೂರು ಖಾತೆಗಳಂತೂ ಒಂದೇ ಫೋನಿನವು. ಟೋಕನ್ ಮಾತ್ರ ಯಾರೂ ಮುಟ್ಟಿರಲಿಲ್ಲ. ಬೆಲೆ ಏರಲೆಂದು ಕಾದು ಕೂತ ಪಕ್ಕಾ ಆಸಾಮಿ ಎಂದುಕೊಂಡ ಶ್ರೀಶೈಲ.

ಆದರೂ ಮನಸ್ಸು ತಡೆಯದೆ ಜೋಳದ ತೆನೆಗೆ ಬರೆದ: "ಖರೆ ಹೇಳ್ರಿ. ಆರೂ ಮಂದಿ ಒಬ್ಬರ ಏನು?"

ಉತ್ತರ ತಡವಾಗಿ ಬಂತು. "ಒಬ್ಬರ ಅಲ್ಲರಿ. ಆದ್ರ ಎಲ್ಲಾರೂ ಮಾತಾಡಿಕೊಂಡ ಬರಿಯೂದು ಖರೆ."

"ಯಾಕ?"

"ಅದನ್ನ ಹೇಳಬ್ಯಾಡಂತ ಹಿರ್ಯಾರು ಹೇಳ್ಯಾರ್ರಿ."

"ಇದರಾಗ ನಿಮಗೇನು ಲಾಭ?"

"ನೀವು ದಿನಾ ಉತ್ತರಾ ಬರೀತೀರಲ್ಲ. ಅಷ್ಟ ಸಾಕ್ರಿ."

ಒಬ್ಬನಲ್ಲ, ಗುಂಪೇ ಇದೆ! ಒಂಬತ್ತು ತಿಂಗಳು ಯಾರದೋ ಆಟಕ್ಕೆ ಮರುಳಾಗಿದ್ದೆನಲ್ಲ ಎಂದು ಅವನು ಕೆಂಡವಾದ. ಕಣ್ಣಲ್ಲಿ ನೀರೂ ಬಂತು. ಒಂದೊಂದೇ ಖಾತೆ ತೆರೆದು ಅಳಿಸಿದ. ಖಾತೆಯ ಜೊತೆ ಅದರ ಬರಹಗಳೂ ಅವನ ಉತ್ತರಗಳೂ ಹೋದವು. ಹನಿಕಾಸಿನಲ್ಲಿ ಒಮ್ಮೆ ಅಳಿಸಿದ್ದು ಯಾರಪ್ಪನಿಗೂ ಮರಳಿ ಸಿಗುವುದಿಲ್ಲ. ಸಂಜೆ ಪುಣೆಯಿಂದ ಎರಡು ಸಾಲು ಬಂದವು: ಬರಹಗಾರರ ಸಂಖ್ಯೆ ಸೊನ್ನೆ, ಕನ್ನಡ ವಿಭಾಗ ಮುಚ್ಚಿದೆ, ಇದುವರೆಗಿನ ಸೇವೆಗೆ ಧನ್ಯವಾದ.

ಮರುದಿನ ಏಳಕ್ಕೆ ಕೈ ತಾನಾಗಿ ಫೋನಿಗೆ ಹೋಯಿತು. ಏನೂ ಇರಲಿಲ್ಲ. ಮತ್ತೆ ಮುಸುಕೆಳೆದು ಮಲಗಿದ.

ಎಂಟರ ಹೊತ್ತಿಗೆ ಯಾರೋ ಬಾಗಿಲು ಬಡಿಯತೊಡಗಿದರು. ಸುಮ್ಮನಿದ್ದರೂ ನಿಲ್ಲಲಿಲ್ಲ, ಚಿಲಕವೇ ಕಿತ್ತುಬರುವಂತಾಯಿತು. ಎದ್ದು ತೆಗೆದ. ಹೊರಗೆ ಪರಸಪ್ಪ ನಿಂತಿದ್ದ, ಹೆಲ್ಮೆಟ್ಟನ್ನೂ ಬಿಚ್ಚಿರಲಿಲ್ಲ. ಶ್ರೀಶೈಲನ ಎರಡೂ ಭುಜ ಹಿಡಿದು ಅಲ್ಲಾಡಿಸಿ ನೋಡಿದ.

"ಅದೀರಿ ಮಾಮಾ… ಅದೀರಿ," ಎಂದವನು ಕಟ್ಟೆಯ ಮೇಲೆ ಕುಸಿದು ಕೂತ. "ಎದಿ ಒಡದಿತ್ತರಿ. ಮುಂಜಾನೆ ಆ್ಯಪ್ ತಗದ್ರ ಬರದದ್ದು ಹೋಗವಲ್ದು. ಹುಕ್ಕೇರಿ ಚಿಗವ್ವಂದೂ ಹೋಗವಲ್ದಂತ. ನೀವ ಏನರ ಮಾಡಿಕೊಂಡ್ರೇನೊ ಅಂತ ಓಡಿ ಬಂದೆ."

"ಆ ಆರು ಮಂದಿ ನೀವ ಏನು?" ಎಂದ ಶ್ರೀಶೈಲ.

"ಇವತ್ತ ಅವ್ವನ ಪಾಳಿರಿ. ಆಕಿಗೆ ಬರಿಯಾಕ ಬರೂದಿಲ್ಲ, ಆಕಿ ಹೇಳ್ತಾಳ, ನಾ ಫೋನಿನ್ಯಾಗ ಬರೀತೀನಿ. ಇನ್ನೆರಡು ಮನ್ಯಾರದೂ ನನ್ನ ಫೋನಿನ್ಯಾಗ. ನೀವು ಬರದ ಉತ್ತರಾ ಓದಿಸಿಕೊಂಡ ಮ್ಯಾಲೇ ಊಟಕ್ಕ ಏಳ್ತಾಳ." ಪರಸಪ್ಪ ತಲೆ ಎತ್ತಿದ. "ಹಳೇ ಉತ್ತರಾ ಆದ್ರೂ ಅದಾವಲ್ರಿ ಮಾಮಾ?"

ಶ್ರೀಶೈಲ ಇಲ್ಲವೆಂದು ತಲೆಯಾಡಿಸಿದ.

ಪರಸಪ್ಪ ಹೆಲ್ಮೆಟ್ಟು ಬಿಚ್ಚಿ ಪಕ್ಕಕ್ಕಿಟ್ಟು ಹೇಳಿದ: "ಸತ್ತ ಮನಿಗೆ ಬುತ್ತಿ ಒಯ್ಯಬೇಕಲ್ರಿ, ಆರು ಮನ್ಯಾರು ಪಾಳಿ ಹಚ್ಚಿಕೊಂಡಿದ್ವಿ, ನೀವು ಬಾಗಲಾ ತಗೀಲಿಲ್ಲ, ತಗೀತಿದ್ದದ್ದು ಆ ಆ್ಯಪ್ ಒಂದ."